ಗೀರುಬಿದ್ದ ಸಿಡಿ, ಡಿವಿಡಿಗಳನ್ನು ಮನೆಯ ಯಂತ್ರದಲ್ಲಿ ಸರಿಪಡಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಮದುವೆಯ ಡಿವಿಡಿ, ಯಕ್ಷಗಾನದ ವಿಸಿಡಿ, ಭಾವಗೀತೆಗಳ ಸಿಡಿ, ಮಕ್ಕಳ ಆಟದ ಡಿಸ್ಕ್, ಇವುಗಳಲ್ಲಿ ಯಾವುದೋ ಒಂದು ನಡುವೆ ನಿಂತುಹೋದಾಗ ಬಂಧುಗಳು, ಸ್ನೇಹಿತರು ಮತ್ತು ಪತ್ರ ಬರೆದವರು ನನ್ನನ್ನು ಕೇಳಿದ ಪ್ರಶ್ನೆಗಳನ್ನು ಆದಷ್ಟು ಅವರ ಮಾತಿನಲ್ಲೇ ಇಲ್ಲಿ ಒಟ್ಟುಮಾಡಿದ್ದೇನೆ. ಪ್ರತಿಯೊಂದು ಉತ್ತರವನ್ನೂ ಬಿಡಿಯಾಗಿ ಓದಿಕೊಳ್ಳಬಹುದು. ಯಂತ್ರ ಎಂದು ನಾನು ಇಲ್ಲಿ ಹೇಳುತ್ತಿರುವುದು ಹಿಡಿಕೆ ತಿರುಗಿಸಿ ಅಥವಾ ಚಿಕ್ಕ ಮೋಟರಿನಿಂದ ನಡೆಸುವ, ಒಳಗೆ ನವಿರಾದ ಸಾಣೆಚಕ್ರವಿರುವ ಮನೆಬಳಕೆಯ ಸಾಧನವನ್ನು. ಸ್ಕಿಪ್‌ಡಾಕ್ಟರ್ ಎಂಬುದು ಈ ಜಾತಿಯಲ್ಲಿ ಹೆಚ್ಚು ಪರಿಚಿತವಾದ ಹೆಸರು.

## ಮೊದಲು ತಿಳಿಯಬೇಕಾದವು

ಈ ಯಂತ್ರ ಗೀರನ್ನು ತುಂಬುತ್ತದೆಯೋ, ಅಳಿಸುತ್ತದೆಯೋ?

ತುಂಬುವುದಿಲ್ಲ, ಸವೆಸುತ್ತದೆ. ಡಿಸ್ಕಿನ ಹೊಳೆಯುವ ಬದಿಯಲ್ಲಿ ಇರುವುದು ಪಾಲಿಕಾರ್ಬೊನೇಟ್ ಎಂಬ ಪಾರದರ್ಶಕ ಪ್ಲಾಸ್ಟಿಕ್. ಸಿಡಿಯ ಒಟ್ಟು ದಪ್ಪ 1.2 ಮಿಲಿಮೀಟರ್ ಆಗಿದ್ದು, ಅದರಲ್ಲಿ ಬಹುಪಾಲು ಈ ಪ್ಲಾಸ್ಟಿಕ್ಕೇ. ಗೀರು ಬಿದ್ದ ಕಡೆ ಪ್ಲಾಸ್ಟಿಕ್ಕಿನ ಅಂಚುಗಳು ಚೂಪಾಗಿ ಎದ್ದು ನಿಂತಿರುತ್ತವೆ. ಲೇಸರ್ ಕಿರಣ ಅಲ್ಲಿಗೆ ಬಂದಾಗ ದಾರಿ ತಪ್ಪಿ ಚದುರುತ್ತದೆ. ಸಾಣೆಚಕ್ರ ಆ ಅಂಚುಗಳನ್ನೂ ಸುತ್ತಲಿನ ಮೇಲ್ಮೈಯನ್ನೂ ಅತಿ ತೆಳ್ಳಗೆ ಉಜ್ಜಿ ಮಟ್ಟಮಾಡುವುದರಿಂದ ಕಿರಣ ಮತ್ತೆ ನೇರವಾಗಿ ಒಳಗೆ ಹೋಗಿ ಹಿಂದಿರುಗುತ್ತದೆ. ಆಳವಾದ ಗೀರಿನ ತಳ ಹಾಗೆಯೇ ಉಳಿದಿದ್ದರೂ ಅಂಚು ಮೆತ್ತಗಾದರೆ ಎಷ್ಟೋ ಸಲ ಡಿಸ್ಕ್ ಓಡುತ್ತದೆ. ಮೇಣ ಸವರಿ ಗೀರನ್ನು ತುಂಬುವ ಬೇರೆ ಬಗೆಯ ದ್ರವಗಳೂ ಉಂಟು, ಆದರೆ ಅವು ಒರೆಸಿದಾಗ ಹೊರಟುಹೋಗುತ್ತವೆ.

ಸಾಣೆ ಹಿಡಿದರೆ ಒಳಗಿನ ಹಾಡು, ಚಿತ್ರ ಎಲ್ಲಾ ಅಳಿಸಿಹೋಗಲ್ವಾ?

ಹೊಳೆಯುವ ಬದಿಯನ್ನು ಉಜ್ಜಿದರೆ ಅಳಿಸುವುದಿಲ್ಲ, ಏಕೆಂದರೆ ಹಾಡು ಅಲ್ಲಿ ಇರುವುದೇ ಇಲ್ಲ. ಸಿಡಿಯಲ್ಲಿ ಮಾಹಿತಿಯ ಸೂಕ್ಷ್ಮ ಕುಳಿಗಳು ಪ್ಲಾಸ್ಟಿಕ್ಕಿನ ಮೇಲ್ತುದಿಯಲ್ಲಿ, ಅಂದರೆ ಹೆಸರು ಮತ್ತು ಚಿತ್ರ ಅಚ್ಚಾಗಿರುವ ಬದಿಯ ಹತ್ತಿರ ಇರುತ್ತವೆ. ಅವುಗಳ ಮೇಲೆ ಅಲ್ಯೂಮಿನಿಯಮ್ಮಿನ ಅತಿ ತೆಳುವಾದ ಲೇಪ, ಅದರ ಮೇಲೆ ಕೆಲವೇ ಮೈಕ್ರಾನ್ ದಪ್ಪದ ಮೆರುಗೆಣ್ಣೆ, ಆಮೇಲೆ ಅಚ್ಚಿನ ಬಣ್ಣ, ಅಷ್ಟೇ. ಆದ್ದರಿಂದ ಎಲ್ಲರೂ ಜೋಪಾನ ಮಾಡುವ ಹೊಳೆಯುವ ಬದಿಗಿಂತ, ಮೇಜಿನ ಮೇಲೆ ಕವುಚಿಹಾಕುವ ಚಿತ್ರದ ಬದಿಯೇ ಸಿಡಿಯ ನಿಜವಾದ ಮರ್ಮಸ್ಥಾನ. ಆ ಬದಿಯಲ್ಲಿ ಗೀರು ಬಿದ್ದು ಲೇಪ ಕಿತ್ತುಬಂದರೆ ಅಲ್ಲಿದ್ದ ಹಾಡು ಹೋದಂತೆಯೇ. ಯಾವ ಯಂತ್ರವೂ ಅದನ್ನು ಹಿಂದಕ್ಕೆ ತಂದುಕೊಡಲಾರದು. ಡಿವಿಡಿ ಈ ವಿಷಯದಲ್ಲಿ ಗಟ್ಟಿ. ಅದು 0.6 ಮಿಲಿಮೀಟರಿನ ಎರಡು ತಟ್ಟೆಗಳನ್ನು ಅಂಟಿಸಿ ಮಾಡಿದ್ದು, ಮಾಹಿತಿ ನಡುವೆ ಸುರಕ್ಷಿತವಾಗಿರುತ್ತದೆ.

ಒಂದು ಡಿಸ್ಕಿನಲ್ಲಿ ದೊಡ್ಡ ದೊಡ್ಡ ಗೀರಿದ್ದರೂ ಓಡುತ್ತದೆ, ಇನ್ನೊಂದು ಸಣ್ಣ ಗೀರಿಗೇ ನಿಲ್ಲುತ್ತದೆ. ಯಾಕೆ ಹೀಗೆ?

ಗೀರಿನ ಉದ್ದಕ್ಕಿಂತ ಅದು ಹೋಗಿರುವ ದಿಕ್ಕು ಮುಖ್ಯ. ಮಾಹಿತಿಯ ಸಾಲು ಡಿಸ್ಕಿನ ಒಳಗಿನಿಂದ ಹೊರಕ್ಕೆ ಸುರುಳಿಯಾಗಿ, ರಂಗೋಲಿಯ ಸುತ್ತಿನ ಎಳೆಯಂತೆ ಸಾಗುತ್ತದೆ. ನಡುವಿನಿಂದ ಅಂಚಿಗೆ ನೇರವಾಗಿ ಬಿದ್ದ ಗೀರು ಎಷ್ಟೇ ಉದ್ದವಿದ್ದರೂ, ಪ್ರತಿ ಸುತ್ತಿನಲ್ಲಿ ಲೇಸರ್ ಅದನ್ನು ಒಂದು ಕ್ಷಣದಲ್ಲಿ ಅಡ್ಡಹಾಯ್ದು ಮುಂದೆ ಹೋಗುತ್ತದೆ. ಸುತ್ತಿನ ಗುಂಟವೇ ಬಿದ್ದ ಗೀರು ಮಾತ್ರ ಚಿಕ್ಕದಾಗಿದ್ದರೂ ಒಂದೇ ಸಾಲನ್ನು ಉದ್ದಕ್ಕೂ ಮರೆಮಾಡುತ್ತದೆ.

ಸಿಡಿಯಲ್ಲಿ ಬರೆದದ್ದನ್ನು ಒಂದೇ ಕಡೆ ಒತ್ತೊತ್ತಾಗಿ ಇಡದೆ, ಸುತ್ತಿನ ಗುಂಟ ಹಂಚಿ, ಜೊತೆಗೆ ತಪ್ಪು ತಿದ್ದುವ ಲೆಕ್ಕವನ್ನೂ ಸೇರಿಸಿರುತ್ತಾರೆ. ಇದರಿಂದ ಸಾಲಿನ ಗುಂಟ ಸುಮಾರು 2.5 ಮಿಲಿಮೀಟರಿನಷ್ಟು ಪೂರ್ತಿ ಮರೆಯಾದರೂ ಪ್ಲೇಯರ್ ಕಳೆದುಹೋದದ್ದನ್ನು ಲೆಕ್ಕಹಾಕಿ ಇದ್ದಂತೆಯೇ ಮರಳಿ ಪಡೆಯುತ್ತದೆ. ಅದಕ್ಕಿಂತ ಹೆಚ್ಚಾದರೆ ಅಕ್ಕಪಕ್ಕದ ಸ್ವರವನ್ನು ನೋಡಿ ಊಹಿಸಿ ತುಂಬುತ್ತದೆ. ಇನ್ನೂ ಹೆಚ್ಚಾದಾಗ ಟಕ್ ಟಕ್ ಸದ್ದು, ಆಮೇಲೆ ಎಗರಾಟ. 1982ರಲ್ಲಿ ಸಿಡಿ ಮಾರುಕಟ್ಟೆಗೆ ಬಂದಾಗಲೇ ಸೋನಿ ಮತ್ತು ಫಿಲಿಪ್ಸ್ ಕಂಪನಿಗಳ ಎಂಜಿನಿಯರುಗಳು ಈ ಏರ್ಪಾಡನ್ನು ಅದರೊಳಗೆ ಇಟ್ಟಿದ್ದರು. ನಮ್ಮ ಮನೆಗಳಲ್ಲಿ ಹತ್ತಾರು ವರ್ಷ ಕೈಯಿಂದ ಕೈಗೆ ಓಡಾಡಿದ ಸಿಡಿಗಳು ಇಂದಿಗೂ ಹಾಡುತ್ತಿರುವುದಕ್ಕೆ ಕಾರಣ ಅದೇ.

ಸಿನಿಮಾ ಚೆನ್ನಾಗಿಯೇ ಓಡಿ, ಯಾವಾಗಲೂ ಕ್ಲೈಮ್ಯಾಕ್ಸಿನಲ್ಲೇ ನಿಲ್ಲುವುದೇಕೆ?

ಡಿಸ್ಕನ್ನು ಓದುವುದು ಒಳಸುತ್ತಿನಿಂದ ಹೊರಕ್ಕೆ. ಚಿತ್ರದ ಕೊನೆಯ ಭಾಗ ಹೊರ ಅಂಚಿನ ಬಳಿ ಇರುತ್ತದೆ. ನಮ್ಮ ಬೆರಳು ತಾಗುವುದು, ಕವರಿನ ಬಾಯಿಗೆ ಉಜ್ಜುವುದು, ಡಿಸ್ಕ್ ಬಾಗಿದ್ದರೆ ಹೆಚ್ಚು ಓಲಾಡುವುದು ಎಲ್ಲವೂ ಅದೇ ಅಂಚು. ಒಂದು ಚಿತ್ರವನ್ನು ಎರಡು ಅಥವಾ ಮೂರು ವಿಸಿಡಿಗಳಲ್ಲಿ ಹಂಚಿಕೊಡುತ್ತಿದ್ದ ಕಾಲದಲ್ಲಿ ಪ್ರತಿ ಡಿಸ್ಕಿನ ಕೊನೆಯ ಹತ್ತು ನಿಮಿಷಕ್ಕೂ ಈ ಕಾಟವಿತ್ತು.

ಡಿವಿಡಿಯಲ್ಲಿ ಒಂದು ವಿಶೇಷವಿದೆ. ಎರಡು ಪದರಗಳ ಚಲನಚಿತ್ರದ ಡಿವಿಡಿಗಳಲ್ಲಿ ಸಾಮಾನ್ಯವಾಗಿ ಮೊದಲ ಪದರ ಒಳಗಿನಿಂದ ಹೊರಕ್ಕೂ, ಎರಡನೆಯದು ಹೊರಗಿನಿಂದ ಒಳಕ್ಕೂ ಓಡುತ್ತದೆ. ಹೀಗಾಗಿ ಅಂಚಿನ ಗೀರು ಅಲ್ಲಿ ಚಿತ್ರದ ನಡುಭಾಗದಲ್ಲಿ ತೊಂದರೆ ಕೊಡುತ್ತದೆ. ಯಾವ ನಿಮಿಷದಲ್ಲಿ ನಿಂತಿತು ಎಂದು ಬರೆದಿಟ್ಟುಕೊಂಡರೆ ಯಾವ ಗೀರು ಕಾರಣವೆಂದು ಬಹುಮಟ್ಟಿಗೆ ಪತ್ತೆಹಚ್ಚಬಹುದು. ಡಿಸ್ಕನ್ನೇ ಗುರುತಿಸದೆ "ನೋ ಡಿಸ್ಕ್" ಎಂದು ತೋರಿಸಿದರೆ ನಡುವಿನ ತೂತಿನ ಹತ್ತಿರದ ಒಳಸುತ್ತನ್ನು ನೋಡಿ. ವಿಷಯಸೂಚಿ ಇರುವುದು ಅಲ್ಲಿಯೇ.

ಡಿಸ್ಕ್ ಕೆಟ್ಟಿದೆಯೋ, ಪ್ಲೇಯರ್ ಕೆಟ್ಟಿದೆಯೋ ಹೇಗೆ ತಿಳಿಯುವುದು?

ಹೊಸದಾದ, ಗೀರಿಲ್ಲದ ಇನ್ನೊಂದು ಡಿಸ್ಕ್ ಹಾಕಿ ನೋಡಿ. ಅದೂ ನಿಂತರೆ ಪ್ಲೇಯರಿನ ಲೆನ್ಸಿನ ಮೇಲೆ ಧೂಳು ಕೂತಿದೆ ಅಥವಾ ಲೇಸರ್ ದುರ್ಬಲವಾಗಿದೆ. ಅನುಮಾನದ ಡಿಸ್ಕನ್ನು ಕನಿಷ್ಠ ಎರಡು ಬೇರೆ ಬೇರೆ ಡ್ರೈವ್‌ಗಳಲ್ಲಿ ಹಾಕಿ ನೋಡದೆ ಸಾಣೆಗೆ ಇಡಬೇಡಿ. ಒಂದು ಡ್ರೈವ್ ಮುಟ್ಟಲೂ ಒಪ್ಪದ ಡಿಸ್ಕನ್ನು ಇನ್ನೊಂದು ಸಲೀಸಾಗಿ ಓದಿದ್ದನ್ನು ನಾನು ಹಲವು ಬಾರಿ ಕಂಡಿದ್ದೇನೆ.

## ಯಂತ್ರಕ್ಕೆ ಇಡುವ ಮುನ್ನ

ಸಿಡಿಯನ್ನು ನೀರಿನಲ್ಲಿ ತೊಳೆಯಬಹುದೇ?

ಖಂಡಿತ ತೊಳೆಯಬಹುದು, ತೊಳೆಯಲೇಬೇಕು. ನನ್ನ ಬಳಿಗೆ "ಗೀರು ಬಿದ್ದಿದೆ" ಎಂದು ಬಂದ ಡಿಸ್ಕುಗಳಲ್ಲಿ ಅನೇಕವು ಬರೀ ತೊಳೆದದ್ದರಿಂದಲೇ ಓಡಿವೆ. ಮದುವೆಯ ಡಿವಿಡಿಯೊಂದು ಬೀರುವಿನಲ್ಲಿ ರೇಷ್ಮೆ ಸೀರೆಗಳ ನಡುವೆ ಹದಿನೈದು ವರ್ಷ ಇತ್ತು. ಬೆಳಕಿಗೆ ಓರೆಯಾಗಿ ಹಿಡಿದಾಗ ಒಂದು ಹೆಬ್ಬೆರಳಿನ ಗುರುತು ಸ್ಪಷ್ಟವಾಗಿ ಕಂಡಿತು. ಅದರ ಗೆರೆಗಳ ನಡುವೆ ಅರಿಸಿನದ ಹಳದಿ ಇನ್ನೂ ಇತ್ತು. ಎಣ್ಣೆಯ ಕೈಯಲ್ಲಿ ಯಾರೋ ಹಿಡಿದಿದ್ದರು. ಸೋಪಿನ ನೀರಿನಿಂದ ಎರಡು ಸಲ ಒರೆಸಿದ ಮೇಲೆ ಧಾರೆಯ ದೃಶ್ಯ ಎಲ್ಲೂ ನಿಲ್ಲದೆ ಓಡಿತು. ಆ ಡಿಸ್ಕಿಗೆ ಸಾಣೆ ಹಿಡಿದಿದ್ದರೆ ಸುಮ್ಮನೆ ಒಂದು ಪದರ ಸವೆಸಿದಂತಾಗುತ್ತಿತ್ತು.

ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ದ್ರವದ ಒಂದು ತೊಟ್ಟು ಹಾಕಿ, ಬೆರಳ ತುದಿಯಿಂದಲೋ ಮೆತ್ತನೆಯ ಹತ್ತಿಬಟ್ಟೆಯಿಂದಲೋ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿ. ಗೋಲಾಕಾರವಾಗಿ ಎಂದೂ ಉಜ್ಜಬಾರದು. ಬಟ್ಟೆಯಲ್ಲಿ ಒಂದು ಮರಳಿನ ಕಣವಿದ್ದರೂ ಅದು ಸುತ್ತಿನ ಗುಂಟ ಗೀಚುತ್ತದೆ. ಕೊಳವೆಬಾವಿಯ ಗಡಸು ನೀರು ಒಣಗಿದಾಗ ಬಿಳಿ ಕಲೆ ಬಿಡುವುದರಿಂದ ಕೊನೆಗೊಮ್ಮೆ ಫಿಲ್ಟರ್ ನೀರಿನಲ್ಲಿ ತೊಳೆದು, ಒತ್ತಿ ಒಣಗಿಸಿ, ಬಿಸಿಲಿಗೆ ಇಡಬೇಡಿ. ಕರಾವಳಿ ಮತ್ತು ಮಲೆನಾಡಿನ ಮಳೆಗಾಲದಲ್ಲಿ ಡಿಸ್ಕಿನ ಮೇಲೆ ಹಬ್ಬುವ ಬೂಷ್ಟು ಕೂಡ ಆರಂಭದಲ್ಲಿ ಹೀಗೆಯೇ ಹೋಗುತ್ತದೆ. ಚಿತ್ರದ ಬದಿಯಲ್ಲಿ ಕೈಬರಹವಿದ್ದರೆ ಅಥವಾ ಕಾಗದದ ಲೇಬಲ್ ಅಂಟಿಸಿದ್ದರೆ ಆ ಬದಿಗೆ ನೀರು ತಾಗಿಸಬೇಡಿ.

ಟೂತ್‌ಪೇಸ್ಟ್ ಹಚ್ಚಿದರೆ ಸರಿಹೋಗುತ್ತದೆ ಅಂತಾರೆ. ಬಾಳೆಹಣ್ಣು, ವ್ಯಾಸಲೀನ್ ಕೂಡ ಹೇಳುತ್ತಾರೆ. ನಿಜವೇ?

ಟೂತ್‌ಪೇಸ್ಟಿನಲ್ಲಿ ಸಣ್ಣ ಸವೆತದ ಪುಡಿ ಇರುವುದರಿಂದ ಅದು ತೆಳು ಗೀರನ್ನು ಸ್ವಲ್ಪ ಮಟ್ಟಿಗೆ ಮೆತ್ತಗೆ ಮಾಡುವುದು ನಿಜ. ಆದರೆ ಪುಡಿಯ ಗಾತ್ರ ಒಂದೊಂದು ಪೇಸ್ಟಿನಲ್ಲಿ ಒಂದೊಂದು ಬಗೆ. ಬೆರಳಿನ ಒತ್ತಡವೂ ಸಮವಾಗಿರುವುದಿಲ್ಲ. ಹಾಡು ಬೇರೆಲ್ಲೂ ಸಿಗದಂಥ ಡಿಸ್ಕಿನ ಮೇಲೆ ನಾನು ಇದನ್ನು ಮಾಡುವುದಿಲ್ಲ. ವ್ಯಾಸಲೀನ್ ಮತ್ತು ಬಾಳೆಹಣ್ಣು ಗೀರನ್ನು ತಾತ್ಕಾಲಿಕವಾಗಿ ತುಂಬುತ್ತವೆ. ಡ್ರೈವ್ ಜೋರಾಗಿ ತಿರುಗಿಸಿದಾಗ ಆ ಜಿಡ್ಡು ಲೆನ್ಸಿನ ಮೇಲೆ ಸಿಡಿಯುವ ಅಪಾಯವಿದೆ. ನೇಲ್ ಪಾಲಿಶ್ ತೆಗೆಯುವ ಅಸಿಟೋನ್, ತಿನ್ನರ್, ಅಮೋನಿಯಾ ಇರುವ ಗಾಜು ಮತ್ತು ಹಿತ್ತಾಳೆ ಪಾಲಿಶ್‌ಗಳನ್ನು ಮುಟ್ಟಲೇಬೇಡಿ. ಅವು ಪಾಲಿಕಾರ್ಬೊನೇಟನ್ನು ಮಬ್ಬಾಗಿಸುತ್ತವೆ ಅಥವಾ ಒಳಗೊಳಗೇ ಬಿರುಕು ತರುತ್ತವೆ. ಜಿಡ್ಡು ಬಿಡಿಸಲು ಔಷಧದ ಅಂಗಡಿಯಲ್ಲಿ ಸಿಗುವ ಐಸೊಪ್ರೊಪೈಲ್ ಆಲ್ಕೊಹಾಲ್ ಸಾಕು.

ಯಂತ್ರಕ್ಕೆ ಇಡಲೇಬಾರದ ಡಿಸ್ಕ್ ಯಾವುದು?

ಒಂದನೆಯದು, ಬಿರುಕು ಬಿಟ್ಟ ಡಿಸ್ಕ್. ನಡುವಿನ ತೂತಿನ ಸುತ್ತ ಕೂದಲೆಳೆಯಷ್ಟು ಬಿರುಕಿದ್ದರೂ ಅದನ್ನು ಸಾಣೆಗೂ ಇಡಬೇಡಿ, ಕಂಪ್ಯೂಟರಿಗೂ ಹಾಕಬೇಡಿ. ಹೆಚ್ಚು ವೇಗದ ಸಿಡಿ ಡ್ರೈವ್ ನಿಮಿಷಕ್ಕೆ ಸುಮಾರು 10,000 ಸುತ್ತು ತಿರುಗಿಸುತ್ತದೆ. ಆ ವೇಗದಲ್ಲಿ ಬಿರುಕು ಹರಿದು ಡಿಸ್ಕ್ ಡ್ರೈವಿನೊಳಗೇ ಚೂರುಚೂರಾಗುತ್ತದೆ.

ಎರಡನೆಯದು, ಬ್ಲೂ-ರೇ. ಸಿಡಿಯಲ್ಲಿ ಮಾಹಿತಿಯ ಮೇಲೆ 1.2 ಮಿಲಿಮೀಟರ್ ಪ್ಲಾಸ್ಟಿಕ್ ಇದ್ದರೆ ಬ್ಲೂ-ರೇಯಲ್ಲಿ ಇರುವುದು 0.1 ಮಿಲಿಮೀಟರ್ ಮಾತ್ರ, ಅದರ ಮೇಲೆ ಗಟ್ಟಿಯಾದ ರಕ್ಷಣೆಯ ಲೇಪ. ಸಾಣೆ ಆ ಲೇಪವನ್ನು ಕಿತ್ತು ಡಿಸ್ಕನ್ನು ಹಾಳುಮಾಡುತ್ತದೆ. ಸಾದಾ ಡಿಸ್ಕಿನಂತೆಯೇ ಕಾಣುವುದರಿಂದ ಹೆಸರು ಓದದೆ ಯಂತ್ರಕ್ಕೆ ಸೇರಿಸಿಬಿಡುವುದು ಸುಲಭ. ಪ್ಲೇಸ್ಟೇಷನ್ 3 ಮತ್ತು ಅದರ ನಂತರದ ಪ್ಲೇಸ್ಟೇಷನ್ ಆಟದ ಡಿಸ್ಕುಗಳೂ ಈ ಜಾತಿಯವೇ.

ಮೂರನೆಯದು, ಚಿತ್ರದ ಬದಿಯ ಲೇಪ ಹೋದದ್ದು. ಡಿಸ್ಕನ್ನು ಟ್ಯೂಬ್‌ಲೈಟಿಗೆ ಎದುರಾಗಿ ಹಿಡಿದು ನೋಡಿ. ಸೂಜಿಮೊನೆಯಂಥ ಬೆಳಕಿನ ಚುಕ್ಕೆಗಳು ಆಚೆಯಿಂದ ಈಚೆಗೆ ತೂರಿಬಂದರೆ ಅಲ್ಲಿ ಪ್ರತಿಫಲಿಸುವ ಪದರವೇ ಇಲ್ಲ. ಒಂದೆರಡು ಚುಕ್ಕೆ ಹೊಸ ಡಿಸ್ಕಿನಲ್ಲೂ ಇರಬಹುದು. ರಾಶಿಯಾಗಿದ್ದರೆ ಯಂತ್ರದ ಆಸೆ ಬಿಡಿ. ಇದೇ ಗುಂಪಿಗೆ ಸೇರುವುದು ಅಂಚಿನಿಂದ ಕಂಚಿನ ಬಣ್ಣಕ್ಕೆ ತಿರುಗಿದ ಡಿಸ್ಕುಗಳು. ಇಂಗ್ಲೆಂಡಿನ ಬ್ಲ್ಯಾಕ್‌ಬರ್ನ್‌ನಲ್ಲಿದ್ದ ಪಿಡಿಒ ಕಾರ್ಖಾನೆಯಲ್ಲಿ 1988ರಿಂದ 1993ರ ಅವಧಿಯಲ್ಲಿ ತಯಾರಾದ ಕೆಲವು ಸಿಡಿಗಳಿಗೆ ಈ ರೋಗ ತಗುಲಿದ್ದು ಪ್ರಸಿದ್ಧ. ಕೆಡುಕು ಲೇಪದಲ್ಲಿದೆಯೇ ಹೊರತು ಪ್ಲಾಸ್ಟಿಕ್ಕಿನಲ್ಲಲ್ಲ; ಉಜ್ಜಿ ಪ್ರಯೋಜನವಿಲ್ಲ.

ಮನೆಯಲ್ಲೇ ರೈಟ್ ಮಾಡಿದ ಸಿಡಿಯನ್ನು ಯಂತ್ರಕ್ಕೆ ಹಾಕಬಹುದೇ?

ಹಾಕಬಹುದು, ಆದರೆ ಮೃದುವಾಗಿ. ಇಂಥ ಡಿಸ್ಕಿನಲ್ಲಿ ಅಚ್ಚೊತ್ತಿದ ಕುಳಿಗಳ ಬದಲು ಬಣ್ಣದ ಒಂದು ಪದರವಿದ್ದು, ಬರೆಯುವಾಗ ಲೇಸರ್ ಅದನ್ನು ಅಲ್ಲಲ್ಲಿ ಸುಟ್ಟು ಗುರುತು ಮಾಡಿರುತ್ತದೆ. ಆ ಬಣ್ಣಕ್ಕೆ ಶಾಖ ಮತ್ತು ಬಿಸಿಲು ಆಗುವುದಿಲ್ಲ. ದ್ರವ ಧಾರಾಳವಾಗಿರಲಿ, ಒಂದು ಸುತ್ತಾದ ಮೇಲೆ ತಣಿಯಲು ಬಿಡಿ. ಬರೆದ ಡಿಸ್ಕ್ ಓದದಿರುವುದಕ್ಕೆ ಬಹಳ ಸಲ ಗೀರಿಗಿಂತ ಬಣ್ಣ ಮಾಸಿರುವುದೇ ಕಾರಣವಾಗಿರುತ್ತದೆ. ಗೀರೇ ಕಾಣದಿದ್ದರೂ ಓದುತ್ತಿಲ್ಲವೆಂದರೆ ಸಾಣೆ ಹಿಡಿಯಬೇಡಿ. ಡ್ರೈವ್ ಬದಲಿಸಿ ನೋಡಿ.

## ಯಂತ್ರ ನಡೆಸುವಾಗ

ಮೊದಲ ಸಲ ಮಾಡುತ್ತಿದ್ದೇನೆ. ಹಂತಹಂತವಾಗಿ ಹೇಳಿ.

ಬೇಡವಾದ ಒಂದು ಡಿಸ್ಕಿನಲ್ಲಿ ಮೊದಲು ಕೈ ಪಳಗಿಸಿಕೊಳ್ಳಿ. ಪತ್ರಿಕೆಗಳ ಜೊತೆ ಉಚಿತವಾಗಿ ಬರುತ್ತಿದ್ದ ಹಳೆಯ ಸಿಡಿ ಮನೆಯಲ್ಲಿದ್ದರೆ ಅದು ಇದಕ್ಕೆ ಹೇಳಿ ಮಾಡಿಸಿದ್ದು.

ತೊಳೆದು ಒಣಗಿಸಿದ ಡಿಸ್ಕಿನ ಹೊಳೆಯುವ ಬದಿಗೆ ದ್ರವವನ್ನು ಸಿಂಪಡಿಸಿ, ಆ ಬದಿ ಸಾಣೆಚಕ್ರದ ಕಡೆಗೆ ಬರುವಂತೆ ಯಂತ್ರದಲ್ಲಿ ಕೂರಿಸಿ. ಎಲ್ಲಿಂದ ಆರಂಭಿಸಿದಿರಿ ಎಂದು ತಿಳಿಯಲು ಚಿತ್ರದ ಬದಿಯ ಯಾವುದಾದರೊಂದು ಅಕ್ಷರವನ್ನು ಗುರುತಾಗಿ ಇಟ್ಟುಕೊಳ್ಳಿ. ಹಿಡಿಕೆಯನ್ನು ತಿರುಗಿಸಿದಂತೆ ಚಿಕ್ಕ ಚಕ್ರ ವೇಗವಾಗಿ ಸುತ್ತುತ್ತ ನಡುವಿಗೂ ಅಂಚಿಗೂ ನಡುವಣ ಜಾಗವನ್ನು ನೇರವಾಗಿ ಉಜ್ಜುತ್ತದೆ, ಡಿಸ್ಕ್ ಮಾತ್ರ ಗಡಿಯಾರದ ಮುಳ್ಳಿನಂತೆ ನಿಧಾನವಾಗಿ ಮುಂದೆ ಸರಿಯುತ್ತದೆ. ಗುರುತಿನ ಅಕ್ಷರ ಮತ್ತೆ ಮೊದಲಿನ ಜಾಗಕ್ಕೆ ಬಂದರೆ ಒಂದು ಸುತ್ತು. ನಡುವೆ ನಿಲ್ಲಿಸಬೇಡಿ, ಒಂದೇ ಹದದಲ್ಲಿ ತಿರುಗಿಸಿ; ನಿಂತ ಜಾಗದಲ್ಲಿ ಚಕ್ರ ಹೆಚ್ಚು ಕೊರೆದು ಹಳ್ಳ ಮಾಡುತ್ತದೆ.

ಕಿವಿಯೂ ಇಲ್ಲಿ ಕೆಲಸಕ್ಕೆ ಬರುತ್ತದೆ. ದ್ರವ ಸಾಕಷ್ಟಿದ್ದಾಗ ಒದ್ದೆ ಬಟ್ಟೆ ಹಿಂಡಿದಂಥ ಮೆತ್ತನೆಯ ಸದ್ದು; ಒಣಗುತ್ತ ಬಂದಾಗ ಕೀರಲು ಸದ್ದು. ಆ ಕೀರಲನ್ನು ಅಸಡ್ಡೆ ಮಾಡಿ ನಾನು ಒಂದು ತಾಳಮದ್ದಳೆಯ ಡಿಸ್ಕನ್ನು ಕೆಡಿಸಿಕೊಂಡೆ. ಅರ್ಧ ಸುತ್ತು ಒಣಗಿಯೇ ತಿರುಗಿ ಎರಡು ಬೆರಳಗಲ ಹಾಲಿನಂತೆ ಬಿಳಿಚಿತು, ಎಷ್ಟು ಮೆರುಗು ಕೊಟ್ಟರೂ ಪೂರ್ತಿ ತಿಳಿಯಾಗಲಿಲ್ಲ. ಅಂದಿನಿಂದ ಅರ್ಧ ಸುತ್ತಿಗೊಮ್ಮೆ ದ್ರವ ಸಿಂಪಡಿಸುತ್ತೇನೆ.

ಸುತ್ತು ಮುಗಿದ ಮೇಲೆ ಡಿಸ್ಕನ್ನು ಹೊರತೆಗೆದು ಬಿಳಿಯ ಕೆಸರಿನಂಥ ಪುಡಿಯನ್ನು ಒರೆಸಿ, ಯಂತ್ರದ ಜೊತೆ ಕೊಟ್ಟಿರುವ ಫೆಲ್ಟ್ ತುಂಡಿನಿಂದ ನಡುವಿನಿಂದ ಅಂಚಿಗೆ ಚೆನ್ನಾಗಿ ಉಜ್ಜಿ ಮೆರುಗು ಕೊಡಿ.

ಸಾಣೆ ಹಿಡಿದ ಮೇಲೆ ಮೊದಲಿಗಿಂತ ಹೆಚ್ಚು ಗೆರೆಗಳು ಕಾಣುತ್ತಿವೆ. ಹಾಳುಮಾಡಿಬಿಟ್ಟೆನೇ?

ಇಲ್ಲ. ಸೂರ್ಯನ ಕಿರಣ ಬರೆದಂತೆ ನಡುವಿನಿಂದ ಅಂಚಿಗೆ ಹೊರಟ ನವಿರು ಗೆರೆಗಳು ಕಾಣಿಸುವುದು ಈ ಬಗೆಯ ಯಂತ್ರದ ಸ್ವಭಾವ. ಸಿಡಿಯ ಮೇಲ್ಮೈಯನ್ನು ಹೊಗುವಾಗ ಲೇಸರ್ ಕಿರಣ ಸುಮಾರು 0.8 ಮಿಲಿಮೀಟರ್ ಅಗಲವಿದ್ದು, ಒಳಗೆ ಮಾಹಿತಿಯ ಪದರವನ್ನು ತಲಪುವಾಗ 2 ಮೈಕ್ರಾನಿಗಿಂತಲೂ ಕಿರಿದಾಗುತ್ತದೆ. ಕಿಟಕಿಯ ಸೊಳ್ಳೆಪರದೆಗೆ ಕಣ್ಣಿಟ್ಟು ಆಚೆ ಮನೆಯನ್ನು ನೋಡಿದಾಗ ಪರದೆಯ ಎಳೆಗಳು ಕಾಣದೆ ಮನೆಯಷ್ಟೇ ಕಾಣುವಂತೆ, ಮೇಲ್ಮೈಯ ನವಿರು ಗೆರೆಗಳು ಕಿರಣಕ್ಕೆ ಅಡ್ಡಿಯಾಗುವುದಿಲ್ಲ. ನೋಟದಿಂದ ತೀರ್ಮಾನಿಸದೆ ಓಡಿಸಿ ನೋಡಿ.

ಜೊತೆಗೆ ಬಂದ ದ್ರವ ಮುಗಿದಿದೆ. ಏನು ಬಳಸಲಿ?

ಚಕ್ರದ ಬಗೆಯ ಯಂತ್ರದಲ್ಲಿ ದ್ರವದ ಕೆಲಸ ಮೇಲ್ಮೈಯನ್ನು ತಂಪಾಗಿಡುವುದು, ಜಾರುವಂತೆ ಮಾಡುವುದು, ಸವೆದ ಪುಡಿಯನ್ನು ಕೊಚ್ಚಿ ತೆಗೆಯುವುದು. ನಾನು ಇನ್ವರ್ಟರ್ ಬ್ಯಾಟರಿಗೆ ಹಾಕುವ ಬಟ್ಟಿ ಇಳಿಸಿದ ನೀರನ್ನೇ ಸ್ಪ್ರೇ ಬಾಟಲಿಗೆ ತುಂಬಿಸಿ ಬಳಸುತ್ತಿದ್ದೇನೆ. ಬ್ಯಾಟರಿಯ ಆಮ್ಲ ಬೇರೆ, ಈ ನೀರು ಬೇರೆ. ಕೊಳ್ಳುವಾಗ ಡಬ್ಬಿಯ ಮೇಲಿನ ಹೆಸರನ್ನು ನೋಡಿಕೊಳ್ಳಿ. ಪಾಲಿಶ್ ಪೇಸ್ಟ್ ಹಚ್ಚಿ ಮೆತ್ತನೆಯ ದಿಂಬಿನಿಂದ ಉಜ್ಜುವ ಯಂತ್ರಗಳಿಗೆ ಇದು ಅನ್ವಯಿಸದು, ಅಲ್ಲಿ ಸವೆಸುವುದೇ ಪೇಸ್ಟು.

ಒಂದೇ ಡಿಸ್ಕಿಗೆ ಎಷ್ಟು ಸಲ ಸಾಣೆ ಹಿಡಿಯಬಹುದು?

ಮೂರು ಸುತ್ತಿನಲ್ಲೂ ಬದಲಾವಣೆ ಕಾಣದಿದ್ದರೆ ನಾನು ನಿಲ್ಲಿಸುತ್ತೇನೆ. ಪ್ಲಾಸ್ಟಿಕ್ ಮುಗಿದುಹೋಗುವುದೆಂಬ ಭಯದಿಂದಲ್ಲ. ಸಮವಾಗಿಲ್ಲದ ಸವೆತದಿಂದ ಮೇಲ್ಮೈ ಅಲೆಅಲೆಯಾಗಿ, ಲೆನ್ಸಿಗೆ ಗುರಿ ಹಿಡಿಯುವುದು ಕಷ್ಟವಾಗುತ್ತದೆ. ಉಗುರಿನ ತುದಿಯನ್ನು ಗೀರಿನ ಮೇಲೆ ಹಗುರವಾಗಿ ಎಳೆದಾಗ ಉಗುರು ಸಿಕ್ಕಿಕೊಳ್ಳುವಷ್ಟು ಆಳವಿದ್ದರೆ ಮನೆಯ ಯಂತ್ರಕ್ಕೆ ಅದು ಮೀರಿದ್ದು.

ಆಟದ ಡಿಸ್ಕಿನಲ್ಲಿ ಉಂಗುರದಂತೆ ಸುತ್ತಲೂ ಕೊರೆದಿದೆ. ಇದು ಸರಿಯಾಗುತ್ತದೆಯೇ?

ಡಿಸ್ಕ್ ತಿರುಗುತ್ತಿರುವಾಗಲೇ ಆಟದ ಪೆಟ್ಟಿಗೆಯನ್ನು ಅಲುಗಿಸಿದರೆ ಅಥವಾ ನಿಂತದ್ದನ್ನು ಮಲಗಿಸಿದರೆ ಒಳಗಿನ ಭಾಗ ತಾಗಿ ಹೀಗಾಗುತ್ತದೆ. ಎಕ್ಸ್‌ಬಾಕ್ಸ್ 360 ಡಿಸ್ಕುಗಳಲ್ಲಿ ಇದು ಬಹಳ ಸಾಮಾನ್ಯ. ಇಂಥ ಉಂಗುರ ಸಾಲಿನ ಗುಂಟವೇ ಇರುವುದರಿಂದ ಎಲ್ಲಕ್ಕಿಂತ ಕೆಟ್ಟದ್ದು. ತೆಳುವಾಗಿದ್ದರೆ ಮನೆಯ ಯಂತ್ರ ಗೆಲ್ಲುತ್ತದೆ. ಆಳವಾಗಿದ್ದರೆ ಇಡೀ ಮೇಲ್ಮೈಯನ್ನು ನೀರಿನಲ್ಲಿ ಸಮವಾಗಿ ಸವೆಸುವ ದೊಡ್ಡ ಯಂತ್ರ ಬೇಕು. ಪ್ಲೇಸ್ಟೇಷನ್ನಿನ ಮೊದಲ ಪೀಳಿಗೆಯ ಕಪ್ಪು ತಳದ ಡಿಸ್ಕುಗಳನ್ನು ಕಂಡು ಹೆದರಬೇಕಿಲ್ಲ. ಆ ಕಪ್ಪಿನ ಮೂಲಕ ಸಿಡಿ ಲೇಸರಿನ ಅವಕೆಂಪು ಕಿರಣ ಸರಾಗವಾಗಿ ಹಾಯುತ್ತದೆ, ಸಾಣೆಯ ಕ್ರಮವೂ ಒಂದೇ.

## ಇನ್ನೂ ಮುಂದಕ್ಕೆ

ಹ್ಯಾಂಡಿಕ್ಯಾಮಿನ ಚಿಕ್ಕ ಡಿವಿಡಿಗಳು ಯಾವ ಕಂಪ್ಯೂಟರಿನಲ್ಲೂ ತೆರೆಯುತ್ತಿಲ್ಲ. ಸಾಣೆ ಹಿಡಿಯಲೇ?

ತಡೆಯಿರಿ. 8 ಸೆಂಟಿಮೀಟರಿನ ಈ ಡಿಸ್ಕುಗಳನ್ನು ಚಿತ್ರೀಕರಣದ ನಂತರ ಅದೇ ಕ್ಯಾಮೆರಾದಲ್ಲಿ ಫೈನಲೈಸ್ ಮಾಡಬೇಕಿತ್ತು, ಅಂದರೆ ಬೇರೆ ಯಂತ್ರಗಳೂ ಓದುವಂತೆ ಬರಹವನ್ನು ಮುಗಿಸಿ ಮುಚ್ಚಬೇಕಿತ್ತು. ಬಹಳ ಮಂದಿ ಅದನ್ನು ಮಾಡಿರುವುದಿಲ್ಲ. ಹಾಗಾಗಿ ಒಂದು ಗೀರೂ ಇಲ್ಲದೆಯೂ ಕಂಪ್ಯೂಟರಿಗೆ ಅದು ಖಾಲಿ ಡಿಸ್ಕಿನಂತೆ ಕಾಣುತ್ತದೆ. ಹೊಳೆಯುವ ಬದಿಯನ್ನು ಓರೆಯಾಗಿ ನೋಡಿದರೆ ಬರೆದ ಭಾಗದ ಬಣ್ಣ ಒಳಗಡೆ ತುಸು ಬೇರೆಯಾಗಿ ಕಾಣುವುದರಿಂದ ಒಳಗೆ ಚಿತ್ರವಿದೆಯೋ ಇಲ್ಲವೋ ತಿಳಿಯುತ್ತದೆ. ಹಳೆಯ ಕ್ಯಾಮೆರಾ ಇನ್ನೂ ನಡೆಯುತ್ತಿದ್ದರೆ ಅದರಲ್ಲೇ ಹಾಕಿ ಫೈನಲೈಸ್ ಮಾಡಿ. ಇಲ್ಲದಿದ್ದರೆ ಐಸೊಬಸ್ಟರ್‌ನಂಥ ತಂತ್ರಾಂಶದಿಂದ ಓದಿಸಬಹುದು. ಇವುಗಳನ್ನು ತಟ್ಟೆ ಹೊರಬರದೆ ಸೀಳಿನ ಬಾಯಿಗೆ ಡಿಸ್ಕ್ ತುರುಕುವ ಬಗೆಯ ಡ್ರೈವಿಗೆ ಹಾಕಬೇಡಿ, ಒಳಗೇ ಸಿಕ್ಕಿಕೊಳ್ಳುತ್ತವೆ.

ಮೊದಲು ಸಾಣೆ ಹಿಡಿದು ಆಮೇಲೆ ಕಾಪಿ ಮಾಡಬೇಕೇ, ಅಥವಾ ಮೊದಲು ಕಾಪಿಯೇ?

ಮೊದಲು ಕಾಪಿ. ಇದನ್ನು ನಾನು ಎಲ್ಲರಿಗೂ ಒತ್ತಿ ಹೇಳುತ್ತೇನೆ, ಏಕೆಂದರೆ ಬೇರೆ ಯಾವ ತಪ್ಪಿಗಿಂತಲೂ ಈ ಒಂದು ಕ್ರಮತಪ್ಪಿನಿಂದ ಹೆಚ್ಚು ನೆನಪುಗಳು ಕೈಬಿಟ್ಟುಹೋಗಿವೆ. ಗೀರುಬಿದ್ದ ಡಿಸ್ಕಿನಲ್ಲಿ ಸಾಮಾನ್ಯವಾಗಿ ಬಹುಪಾಲು ಇನ್ನೂ ಓದುತ್ತಿರುತ್ತದೆ. ಸಾಣೆ ತಪ್ಪಿದರೆ ಆ ಬಹುಪಾಲೂ ಹೋಗಬಹುದು. ಓದುವಷ್ಟನ್ನು ಮೊದಲೇ ತೆಗೆದಿಟ್ಟುಕೊಂಡರೆ ಯಂತ್ರದಿಂದ ಕಳೆದುಕೊಳ್ಳುವುದು ಏನೂ ಉಳಿಯುವುದಿಲ್ಲ.

ಡಿವಿಡಿ ಮತ್ತು ಕಂಪ್ಯೂಟರ್ ಕಡತಗಳ ಸಿಡಿಗೆ ಲಿನಕ್ಸ್‌ನಲ್ಲಿ ಉಚಿತವಾಗಿ ದೊರೆಯುವ ಡಿಡಿರೆಸ್ಕ್ಯೂ ಎಂಬ ತಂತ್ರಾಂಶ ಇದಕ್ಕೆಂದೇ ಇದೆ. ಅದು ಸುಲಭವಾಗಿ ಸಿಗುವ ಭಾಗವನ್ನೆಲ್ಲ ಮೊದಲು ಬಾಚಿಕೊಂಡು, ಸಿಗದ ಜಾಗಗಳನ್ನು ಒಂದು ನಕ್ಷೆಯ ಕಡತದಲ್ಲಿ ಗುರುತಿಟ್ಟುಕೊಳ್ಳುತ್ತದೆ. ಅದೇ ನಕ್ಷೆಯನ್ನು ಕೊಟ್ಟು ಬೇರೊಂದು ಡ್ರೈವಿನಲ್ಲಿ ಓಡಿಸಿದರೆ ಬಿಟ್ಟುಹೋದ ಜಾಗಗಳನ್ನು ಮಾತ್ರ ಮತ್ತೆ ಪ್ರಯತ್ನಿಸುತ್ತದೆ. ಆಮೇಲೂ ಉಳಿದ ತೂತುಗಳಿಗಾಗಿ ಒಂದು ಸುತ್ತು ಸಾಣೆ ಹಿಡಿಯಿರಿ, ಮತ್ತೆ ಅದೇ ನಕ್ಷೆಯೊಡನೆ ಓದಿಸಿ. ಹೀಗೆ ಮಾಡಿದಾಗ ಸಾಣೆಯ ಹೊಣೆ ಇಡೀ ಡಿಸ್ಕನ್ನು ಹೊಸದರಂತೆ ಮಾಡುವುದಲ್ಲ, ಉಳಿದ ಕೆಲವೇ ತುಣುಕುಗಳು ಒಂದೇ ಒಂದು ಸಲ ಓದುವಂತೆ ಮಾಡುವುದು. ಯಂತ್ರದಿಂದ ಅಷ್ಟನ್ನು ಧೈರ್ಯವಾಗಿ ನಿರೀಕ್ಷಿಸಬಹುದು. ಡಿವಿಡಿಯಲ್ಲಿ 16 ಸೆಕ್ಟರುಗಳನ್ನು (ಮಾಹಿತಿಯ ಚಿಕ್ಕ ತುಣುಕುಗಳನ್ನು) ಒಂದು ಕಟ್ಟಾಗಿ ಕಟ್ಟಿ ತಪ್ಪು ತಿದ್ದುವುದರಿಂದ ನಕ್ಷೆಯಲ್ಲಿ ತೂತುಗಳು ಹದಿನಾರರ ಗುಂಪುಗಳಾಗಿ ತೋರುತ್ತವೆ. ಗಾಬರಿಯಾಗಬೇಡಿ, ಒಂದು ಕಟ್ಟು ಓದಿದರೆ ಹದಿನಾರೂ ಒಟ್ಟಿಗೇ ತುಂಬುತ್ತವೆ.

ಹಾಡಿನ ಸಿಡಿಗೂ ಇದೇ ಕ್ರಮವೇ?

ತತ್ತ್ವ ಅದೇ, ಸಲಕರಣೆ ಬೇರೆ. ಹಾಡಿನ ಸಿಡಿಯಲ್ಲಿ ಕಡತಗಳಿಲ್ಲದ ಕಾರಣ ಡಿಡಿರೆಸ್ಕ್ಯೂ ನಡೆಯುವುದಿಲ್ಲ. ವಿಂಡೋಸ್‌ನಲ್ಲಿ ಎಕ್ಸಾಕ್ಟ್ ಆಡಿಯೊ ಕಾಪಿ, ಲಿನಕ್ಸ್‌ನಲ್ಲಿ ಸಿಡಿಪ್ಯಾರನೋಯಾ ಬಳಸಿ. ಇವು ಒಂದೇ ಜಾಗವನ್ನು ಹಲವು ಬಾರಿ ಓದಿ, ಉತ್ತರಗಳು ಹೊಂದಿದಾಗ ಮಾತ್ರ ಒಪ್ಪಿಕೊಳ್ಳುತ್ತವೆ. ಅಕ್ಯುರೇಟ್‌ರಿಪ್ ಸೌಲಭ್ಯವಿದ್ದರೆ ಅದೇ ಸಿಡಿಯನ್ನು ಓದಿದ ಇತರರ ಫಲಿತಾಂಶದೊಡನೆಯೂ ತಾಳೆ ನೋಡಬಹುದು, ಆದರೆ ಅಪರೂಪದ ಕನ್ನಡ ಸಿಡಿಗಳಿಗೆ ತಾಳೆ ನೋಡಲು ಅಲ್ಲಿ ಏನೂ ಇರದಿರುವುದೇ ಹೆಚ್ಚು. ಆಗ ಎರಡು ಬೇರೆ ಡ್ರೈವ್‌ಗಳಲ್ಲಿ ಎರಡು ಸಲ ಓದಿಸಿ ಹೋಲಿಸಿ. ಕೊನೆಯ ಪರೀಕ್ಷೆ ಕಿವಿಯದು. ಗೀರಿದ್ದ ಹಾಡನ್ನು ಹೆಡ್‌ಫೋನ್ ಹಾಕಿಕೊಂಡು ಒಮ್ಮೆ ಪೂರ್ತಿ ಕೇಳಿ. ತಂಬೂರಿಯ ಶ್ರುತಿ ಒಂದೇ ಸಮನೆ ಹರಿಯುವ ಕಡೆ ಚಿಕ್ಕ ಟಕ್ ಸದ್ದೂ ಎದ್ದು ಕೇಳಿಸುತ್ತದೆ.

ವಿಸಿಡಿಯಿಂದ ಕಡತ ಕಾಪಿ ಮಾಡಲು ಹೋದರೆ ಅರ್ಧಕ್ಕೇ ಎರರ್ ಬರುತ್ತದೆ. ಡಿವಿಡಿಗಿಂತ ವಿಸಿಡಿಯೇ ಯಾಕೆ ಇಷ್ಟು ಹಟ ಮಾಡುತ್ತದೆ?

ಕಂಪ್ಯೂಟರ್ ಕಡತಗಳ ಸಿಡಿಯಲ್ಲಿ ಮೂಲ ತಿದ್ದುಪಡಿಯ ಮೇಲೆ ಇನ್ನೂ ಒಂದು ಪದರದ ತಿದ್ದುಪಡಿ ಇರುತ್ತದೆ. 1993ರಲ್ಲಿ ವಿಸಿಡಿಯ ಮಾನದಂಡ ರೂಪಿಸಿದಾಗ, ಒಂದು ಗಂಟೆಗೂ ಮೀರಿದ ಚಿತ್ರವನ್ನು ಸಿಡಿಯೊಳಗೆ ತುಂಬಬೇಕಾಗಿದ್ದರಿಂದ ಚಿತ್ರದ ಭಾಗಕ್ಕೆ ಆ ಹೆಚ್ಚುವರಿ ಪದರವನ್ನು ಬಿಟ್ಟುಕೊಟ್ಟರು. ಪ್ರತಿ ಸೆಕ್ಟರಿನಲ್ಲಿ 2048 ಬೈಟುಗಳ ಬದಲು 2324 ಬೈಟುಗಳು ಹಿಡಿಸಿದವು, ಗೀರನ್ನು ತಾಳಿಕೊಳ್ಳುವ ಶಕ್ತಿ ಕುಗ್ಗಿತು. ಪ್ಲೇಯರಿನಲ್ಲಿ ಚಿತ್ರ ಚೌಕಚೌಕವಾಗಿ ಒಡೆದರೂ ಮುಂದೆ ಸಾಗುತ್ತದೆ. ಕಂಪ್ಯೂಟರ್ ಮಾತ್ರ ಒಂದು ತಪ್ಪಿಗೇ ಕಾಪಿಯನ್ನು ನಿಲ್ಲಿಸುತ್ತದೆ. ಎಂಪೆಗ್‌ಎವಿ ಫೋಲ್ಡರಿನಲ್ಲಿರುವ ಡ್ಯಾಟ್ ಕಡತವನ್ನು ಎಳೆದು ಹಾಕುವ ಬದಲು ಐಸೊಬಸ್ಟರ್‌ನಿಂದ ಹೊರತೆಗೆಯಿರಿ. ತಪ್ಪಿದ ಜಾಗವನ್ನು ಬಿಟ್ಟು ಮುಂದುವರಿಯುವಂತೆ ಅದಕ್ಕೆ ಹೇಳಬಹುದು. ರಾತ್ರಿಯಿಡೀ ನಡೆದ ಯಕ್ಷಗಾನದ ಆಟದ ಒಂದು ಗಂಟೆಯ ವಿಸಿಡಿಯಲ್ಲಿ ಮೂರು ಸೆಕೆಂಡು ಚೌಕವಾದರೆ ಭಾಗವತರ ಪದಕ್ಕೆ ಆಗುವ ನಷ್ಟ ಬಹಳ ಕಡಿಮೆ. ಆ ಮೂರು ಸೆಕೆಂಡಿಗಾಗಿ ಮತ್ತೆ ಮತ್ತೆ ಸಾಣೆ ಹಿಡಿಯುವುದನ್ನು ನಾನು ಒಪ್ಪುವುದಿಲ್ಲ.

ಕಾಪಿ ಆಯಿತು. ಹಳೆಯ ಡಿಸ್ಕನ್ನು ಎಸೆಯಬಹುದೇ?

ಮನೆಯವರ ಧ್ವನಿ ಅಥವಾ ಮುಖವಿರುವ ಡಿಸ್ಕನ್ನು ಎಸೆಯಬೇಡಿ. ಕಾಪಿಯನ್ನು ಎರಡು ಬೇರೆ ಕಡೆ, ಉದಾಹರಣೆಗೆ ಒಂದು ಹಾರ್ಡ್‌ಡಿಸ್ಕಿನಲ್ಲೂ ಇನ್ನೊಂದು ಊರಿನ ಮನೆಯವರ ಬಳಿಯೂ ಇಟ್ಟ ಮೇಲೆಯೂ ಮೂಲವನ್ನು ಗಟ್ಟಿ ಪೆಟ್ಟಿಗೆಯಲ್ಲಿ ಪುಸ್ತಕದಂತೆ ನಿಲ್ಲಿಸಿ ಇಡಿ. ಮೆತ್ತನೆಯ ಪ್ಲಾಸ್ಟಿಕ್ ಚೀಲಗಳ ಆಲ್ಬಂ ಬೇಡ. ಅದರೊಳಗೆ ಸೇರಿದ ಧೂಳೇ ಪ್ರತಿ ಸಲ ತೆಗೆದು ಹಾಕುವಾಗ ಗೀಚುತ್ತದೆ. ಚಿತ್ರದ ಬದಿಯಲ್ಲಿ ಬಾಲ್‌ಪೆನ್ನಿನಿಂದ ಬರೆಯಬೇಡಿ. ನಡುವಿನ ತೂತಿನ ಸುತ್ತಲಿನ ಪಾರದರ್ಶಕ ಉಂಗುರದ ಮೇಲೆ ಮೆತ್ತನೆಯ ಮಾರ್ಕರಿನಿಂದ ಸಾಣೆ ಹಿಡಿದ ವರ್ಷವನ್ನೂ ಎಷ್ಟು ಸುತ್ತು ಎಂಬುದನ್ನೂ ಬರೆದಿಡಿ. ನಮ್ಮ ಮನೆಯ ಡಿಸ್ಕುಗಳ ಮೇಲೆ "2014, 2 ಸುತ್ತು" ಎಂಬಂಥ ಬರಹಗಳಿವೆ. ಮುಂದೆ ಯಾರಾದರೂ ಅದನ್ನು ಕೈಗೆತ್ತಿಕೊಂಡರೆ ಎಲ್ಲಿಗೆ ನಿಲ್ಲಿಸಬೇಕೆಂದು ಅವರಿಗೆ ಅದರಿಂದಲೇ ಗೊತ್ತಾಗುತ್ತದೆ.